ಅಥಣಿ ಬಸ್ಸು ಹತ್ತುವ ಮುನ್ನ

ಚಪ್ಪಲಿ ಅಂಗಡಿಗೆ ಹೋದವರು ಮೊದಲು ಕೇಳುವುದು ರೇಟು, ಆಮೇಲೆ ನಂಬರು. ಮಾಡಿದವರು ಯಾರು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಸೀರೆಯಾದರೆ ಇಳಕಲ್ಲಿನದೋ ಮೊಳಕಾಲ್ಮೂರಿನದೋ ಎಂದು ಸೆರಗು ತಿರುವಿ ನೋಡುತ್ತೇವೆ. ಕಾಲಿಗೆ ಹಾಕುವುದಕ್ಕೆ ಮಾತ್ರ ಊರು ಕೇರಿ ವಿಚಾರಿಸುವುದಿಲ್ಲ. ಕೊಲ್ಹಾಪುರಿ ಅಂದರೆ ಕೊಲ್ಹಾಪುರದ್ದು, ಅಲ್ಲಿಗೆ ಮುಗಿಯಿತು. ಆದರೆ ಆ ಊರಿನ ಚಪ್ಪಲ್ ಲೈನಿನಲ್ಲಿ ಸಾಲಾಗಿ ತೂಗುಹಾಕಿದ ಜೋಡುಗಳಲ್ಲಿ ಎಷ್ಟೋ ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆಯಿಂದ ಹೋದವು. ಕೊಲ್ಹಾಪುರ ದೊಡ್ಡ ಪೇಟೆ, ಪೇಟೆಯ ಹೆಸರೇ ಮಾಲಿಗೂ ಅಂಟಿತು. 2019ರಲ್ಲಿ ಊರಿನ ಗುರುತಿನ ಜಿಐ ಟ್ಯಾಗ್ ಸಿಕ್ಕಾಗ ಅದು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳಿಗೆ ಜಂಟಿಯಾಗಿ ಸಿಕ್ಕಿತು: ಅಲ್ಲಿಯ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಇಲ್ಲಿಯ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಮ್ಮ ಕಡೆಯಿಂದ ಅದಕ್ಕೆ ನಿಂತದ್ದು ಲಿಡ್ಕರ್, ಅಂದರೆ 1976ರಲ್ಲಿ ಶುರುವಾದ ನಮ್ಮ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ.

ಈ ವಿಷಯ ಈಗ ಯಾಕೆ ಎತ್ತಿದೆ ಅಂದರೆ, 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋ ಒಂದರಲ್ಲಿ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ರೂಪದರ್ಶಿಗಳ ಕಾಲಿಗೆ ಹಾಕಿ ನಡೆಸಿತು. ಎಲ್ಲಿಯದು, ಯಾರದು ಎಂದು ಒಂದು ಮಾತೂ ಇಲ್ಲ. ಇಲ್ಲಿ ಗಲಾಟೆಯಾಯಿತು. ಆಗಲೇಬೇಕಿತ್ತು. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ ಮಹಾರಾಷ್ಟ್ರದ ಇಂಥದೇ ನಿಗಮ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕೈಗಳಿಂದಲೇ 2,000 ಜೋಡಿ ಮಾಡಿಸುವುದಾಗಿ ಹೇಳಿತು. ಬೆಲೆ ಜೋಡಿಗೆ ಸುಮಾರು 800 ಯೂರೋ. ಬೆಲೆ ಕೇಳಿ ಬಾಯಿಬಿಟ್ಟವರೇ ಹೆಚ್ಚು. ನನಗೆ ಹತ್ತಿದ ಯೋಚನೆ ಬೇರೆ. ಮಿಲಾನಿನವರ ಕಣ್ಣಿಗೆ ಬಿದ್ದದ್ದು ಇಂದಿರಾನಗರದವರ ಕಣ್ಣಿಗೆ ಯಾಕೆ ಬೀಳುವುದಿಲ್ಲ? ಬೆಂಗಳೂರಿನಲ್ಲಿ ಹೊಸ ಫ್ಯಾಷನ್ ಬ್ರ್ಯಾಂಡುಗಳು ಹುಟ್ಟುತ್ತಲೇ ಇವೆ. ಅವುಗಳಿಗೆ ಚಪ್ಪಲಿ ಬೇಕು, ಚೀಲ ಬೇಕು, ಬೆಲ್ಟು ಬೇಕು. ಅಥಣಿ ಅಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣ.

ಆ ಚಪ್ಪಲಿ ಹೇಗೆ ಆಗುತ್ತದೆ ಎಂಬುದು ಗೊತ್ತಿರದೆ ಅದರ ವ್ಯಾಪಾರ ಮಾತಾಡುವುದು ಸರಿಯಲ್ಲ. ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ಹದಮಾಡುವುದು ಹಳೆಯ ಕ್ರಮ. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಆ ಒಗರು ನೀರು ತುಂಬಿ ಇಳಿಯಬಿಡುತ್ತಿದ್ದರು. ಇದಕ್ಕೆ ವಾರಗಟ್ಟಲೆ ಬೇಕು. ಕ್ರೋಮಿಯಂ ಲವಣದಿಂದ ಒಂದೆರಡು ದಿನದಲ್ಲಿ ಹದವಾಗುವ ಚರ್ಮ ಮೆತ್ತಗಿರುತ್ತದೆ, ಬಣ್ಣವೂ ಒಂದೇ ಸಮ. ಆದರೆ ಅಟ್ಟೆಗೆ ಬೇಕಾದ ಗಟ್ಟಿತನ ಈ ಒಗರಿನದು. ಅಟ್ಟೆ, ಹಿಮ್ಮಡಿ, ಪಕ್ಕದ ಕಿವಿ, ಹೆಬ್ಬೆರಳ ಉಂಗುರ, ಮೇಲಿನ ಹೆಣೆದ ಬಾರು ಎಲ್ಲವನ್ನೂ ಕೂಡಿಸುವುದು ತೊಗಲಿನ ದಾರವೇ. ಮೊಳೆ ಇಲ್ಲ. ಸಾಮಾನ್ಯವಾಗಿ ಕತ್ತರಿಸಿ ಅಟ್ಟೆ ಕೂಡಿಸುವುದು ಗಂಡಸರು. ಬಾರು ಹೆಣೆಯುವುದು, ಕುಸುರಿ ಹಾಕುವುದು ಹೆಂಗಸರು. ಅಂಗಡಿಯಲ್ಲಿ ನಿಮ್ಮ ಕಣ್ಣು ಮೊದಲು ಹೋಗಿ ನಿಲ್ಲುವುದು ಹೆಂಗಸರ ಕೆಲಸದ ಮೇಲೆ. ಮಾತುಕತೆಗೆ ಬ್ರ್ಯಾಂಡಿನವರು ಬಂದಾಗ ಕಟ್ಟೆಯ ಮೇಲೆ ಕೂರುವವರು ಮಾತ್ರ ಗಂಡಸರು.

ಈ ಕಸುಬಿನ ಬಗ್ಗೆ ನಮ್ಮಲ್ಲಿ ಗೌರವದ ಪರಂಪರೆ ಇಲ್ಲವೆಂದಲ್ಲ. ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ, ಕತ್ತಿ ಸೇರಿಕೊಂಡಿವೆ. ದುಡಿಯುವ ಉಪಕರಣವೇ ದೇವರ ಹೆಸರಿನ ಜೊತೆ ಕೂತಿದೆ. ಸಮಗಾರ ಹರಳಯ್ಯ ಕಲ್ಯಾಣಮ್ಮ ದಂಪತಿ ಬಸವಣ್ಣನಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಎಲ್ಲರೂ ಬಲ್ಲೆವು. ಕಥೆಗೆ ಕೈಮುಗಿದ ಸಮಾಜ ಆ ಕೇರಿಯನ್ನು ಊರಾಚೆಗೇ ಇಟ್ಟಿತು. ಹಾಗಾಗಿ ಈ ಕಸುಬಿನವರ ಮಕ್ಕಳು ಉಳಿ ಬಿಟ್ಟು ಬೇರೆ ಕೆಲಸ ಹುಡುಕಿದರೆ ಅದನ್ನು ಪರಂಪರೆಯ ನಷ್ಟವೆಂದು ಗೋಳಾಡುವ ಹಕ್ಕು ನಮಗಿಲ್ಲ. ಉಳಿಯಬೇಕು ಎನ್ನುವವರು ಮೊದಲು ಉಳಿಯಲು ಕಾರಣ ಕೊಡಬೇಕು, ಅಂದರೆ ದುಡ್ಡು ಮತ್ತು ಮರ್ಯಾದೆ.

ಈಗ ಬೆಂಗಳೂರಿನ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಫ್ಯಾಷನ್ ಕಾಲೇಜು ಮುಗಿಸಿ, ಕೂಡಿಟ್ಟ ದುಡ್ಡು ಹಾಕಿ ಇನ್‌ಸ್ಟಾಗ್ರಾಮಿನಲ್ಲಿ ತನ್ನದೊಂದು ಬ್ರ್ಯಾಂಡ್ ಶುರುಮಾಡಿದ್ದಾಳೆ. ದೊಡ್ಡ ಕಾರ್ಖಾನೆಗೆ ಫೋನ್ ಹಚ್ಚಿದರೆ ಒಂದು ಡಿಸೈನಿಗೆ, ಒಂದು ಬಣ್ಣಕ್ಕೆ ನೂರಾರು ಜೋಡಿಯ ಆರ್ಡರ್ ಬೇಕೆನ್ನುತ್ತಾರೆ. ಅವರದು ತಪ್ಪಲ್ಲ. ಪ್ರತಿ ಸೈಜಿಗೂ ಬೇರೆ ಲಾಸ್ಟ್ (ಪಾದದ ಅಚ್ಚು), ಬೇರೆ ಡೈ (ಕತ್ತರಿಸುವ ಅಚ್ಚು) ಬೇಕು. ಇಪ್ಪತ್ತು ಜೋಡಿಗಾಗಿ ಅಷ್ಟೆಲ್ಲ ಮಾಡಿಸಿದರೆ ಗಿಟ್ಟುವುದಿಲ್ಲ. ಚಪ್ಪಟೆ ಅಟ್ಟೆಯ ನಮ್ಮ ಚಪ್ಪಲಿಗೆ ಆ ಸಂಕಟವಿಲ್ಲ. ರಟ್ಟಿನ ಮಾದರಿ ಇಟ್ಟು ಕೈಯಲ್ಲೇ ಕತ್ತರಿಸಬಹುದು, ಹತ್ತು ಜೋಡಿಯೂ ಆಗುತ್ತದೆ. ಚಿಕ್ಕ ಬ್ರ್ಯಾಂಡಿಗೆ ಬೇಕಾದದ್ದು ಇದೇ. ಆಕೆ ಅಥಣಿಗೆ ಹೋಗುತ್ತಾಳೆ, ಫೋನಿನಲ್ಲಿ ಚಿತ್ರ ತೋರಿಸುತ್ತಾಳೆ.

"ಅಣ್ಣ, ಅಟ್ಟೆ ಇಷ್ಟು ದಪ್ಪ ಬೇಡ. ತೆಳ್ಳಗೆ, ಮೆತ್ತಗೆ ಇರಬೇಕು."

"ಮಾಡೂಣ್ರೀ ಅಕ್ಕಾರ. ಆದ್ರ ಇದು ಎಮ್ಮಿ ತೊಗಲ್ರೀ, ಭಾಳ ಹೆರದ್ರ ಬಾಳಕಿ ಬರಂಗಿಲ್ಲ. ಎಷ್ಟ ಜೋಡ ಬೇಕ್ರೀ?"

"ಮೊದಲು ಒಂದು ಸ್ಯಾಂಪಲ್ ಕೊಡಿ. ಚೆನ್ನಾಗಿ ಬಂದರೆ ಮೂವತ್ತು."

"ಸ್ಯಾಂಪಲ್ಲಿಗೆ ರೊಕ್ಕಾ?"

ಎಷ್ಟೋ ಸಂಬಂಧ ಕಡಿದುಬೀಳುವುದು ಈ ಪ್ರಶ್ನೆಯಲ್ಲೇ. ಸ್ಯಾಂಪಲ್ ಎಂದರೆ ಬಿಟ್ಟಿ ಎಂದು ನಗರದ ವ್ಯಾಪಾರದಲ್ಲಿ ಹೇಗೋ ರೂಢಿಯಾಗಿದೆ. ಆದರೆ ಹೊಸ ಮಾದರಿಯ ಒಂದು ಜೋಡಿ ಮಾಡುವ ಹೊತ್ತಿನಲ್ಲಿ ಕೈಗೆ ರೂಢಿಯಾದ ಹಲವು ಜೋಡಿ ಮುಗಿಯುತ್ತವೆ. ಎಲ್ಲಿ ಬಗ್ಗುತ್ತದೆ, ಎಲ್ಲಿ ಕಚ್ಚುತ್ತದೆ, ಉಂಗುರ ಎಷ್ಟು ಹಿಂದಕ್ಕಿರಬೇಕು ಎಂಬ ಯೋಚನೆಯೆಲ್ಲ ಆ ಒಂದು ಜೋಡಿಯಲ್ಲೇ ಆಗಬೇಕು. ಅದು ವಿನ್ಯಾಸದ ಕೆಲಸ. ಕಂಪ್ಯೂಟರಿನಲ್ಲಿ ಗೆರೆ ಎಳೆದವರಿಗೆ ಅದಕ್ಕೆ ಸಂಬಳ ಉಂಟು, ಉಳಿ ಹಿಡಿದವರಿಗೂ ಇರಬೇಕು. ಸ್ಯಾಂಪಲ್ಲಿಗೆ ಮಾಮೂಲಿ ಜೋಡಿಗಿಂತ ಹೆಚ್ಚಿನ ಬೆಲೆ ಕೊಡುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಮುಂಗಡದ ಮಾತೂ ಇಂಥದೇ. ಕೈಯಲ್ಲಿ ಬಂಡವಾಳವಿಲ್ಲದವನು ವ್ಯಾಪಾರಿಯಿಂದ ಚರ್ಮ ತಂದು, ಮಳೆಗಾಲದಲ್ಲಿ ಕೈಗಡ ತಂದು, ಅದನ್ನು ಆ ವ್ಯಾಪಾರಿ ಹೇಳಿದ ರೇಟಿಗೆ ಚಪ್ಪಲಿ ಕೊಟ್ಟು ತೀರಿಸುತ್ತಾನೆ. ಬ್ರ್ಯಾಂಡಿನವರು ಮಾಲು ಮಾರಿದ ಮೇಲೆ ದುಡ್ಡು ಎಂದರೆ, ಅವನ ಪಾಲಿಗೆ ಹಳೆಯ ವ್ಯಾಪಾರಿಯೇ ಮೇಲು.

ಮಳೆಗಾಲ ಎಂದಾಗ ನೆನಪಾಯಿತು. ಹಬ್ಬದ ಸೀಸನ್ನಿಗೆ ಮಾಲು ಬೇಕೆಂದು ಬ್ರ್ಯಾಂಡುಗಳು ಆರ್ಡರ್ ಕೊಡುವುದು ಜುಲೈ, ಆಗಸ್ಟಿನಲ್ಲಿ. ಆಗ ತೊಗಲು ಒಣಗುವುದಿಲ್ಲ, ಬೂಸು ಹಿಡಿಯುತ್ತದೆ. ಅವಸರಕ್ಕೆ ಹಸಿಯಾಗಿ ಕೂಡಿಸಿದ ಅಟ್ಟೆ ಆಮೇಲೆ ಸೊಟ್ಟಗಾಗುತ್ತದೆ. ಗಿರಾಕಿ ವಾಪಸ್ ಕಳಿಸುತ್ತಾರೆ, ಬೈಗುಳ ಅಥಣಿಗೆ ತಲುಪುತ್ತದೆ. ಅದೇ ಆರ್ಡರ್ ಫೆಬ್ರವರಿಯಲ್ಲಿ ಕೊಟ್ಟಿದ್ದರೆ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತಿತ್ತು. ಬಣ್ಣದ ತಕರಾರೂ ಹೀಗೆಯೇ ಹುಟ್ಟುವುದು. ಒಗರಿನಲ್ಲಿ ಹದವಾದ ಚರ್ಮದ ಬಣ್ಣ ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಫೋಟೋದಲ್ಲಿ ಇದ್ದ ಹಾಗಿಲ್ಲ ಎಂದು ದೂರು ಬರುವ ಮುಂಚೆಯೇ, ಇದು ಹೀಗೆ, ದಿನ ಕಳೆದಂತೆ ಇನ್ನೂ ಕಪ್ಪಾಗುತ್ತದೆ ಎಂದು ಬ್ರ್ಯಾಂಡಿನವರೇ ಗಿರಾಕಿಗೆ ತಿಳಿಸಿಬಿಡಬೇಕು. ತಿಳಿಸಿದರೆ ಜನ ಒಪ್ಪುತ್ತಾರೆ.

ಇದೆಲ್ಲ ಆಗದ ಮಾತೇನಲ್ಲ. ಅಥಣಿಯಲ್ಲೇ ಟೋಹೋಲ್ಡ್ ಎಂಬ ಹೆಸರಿನಲ್ಲಿ ಕುಶಲಕರ್ಮಿ ಹೆಂಗಸರ ಸ್ವಸಹಾಯ ಗುಂಪುಗಳು ಒಟ್ಟಾಗಿ ತಮ್ಮದೇ ಬ್ರ್ಯಾಂಡ್ ಕಟ್ಟಿ, ಹೊರದೇಶಕ್ಕೂ ಚಪ್ಪಲಿ ಕಳಿಸಿದವು. ಅಸೆಂಟ್ ಎಂಬ ಸಂಸ್ಥೆ ಅದರ ಬೆನ್ನಿಗಿತ್ತು. ಅಲ್ಲಿ ಬೆವರು ಹರಿದದ್ದು ಸೈಜು ಒಂದೇ ಸಮ ಬರುವ ಹಾಗೆ ಮಾಡುವುದಕ್ಕೆ, ಲೆಕ್ಕ ಇಡುವುದಕ್ಕೆ, ಹೇಳಿದ ದಿನಕ್ಕೆ ಮಾಲು ಹೊರಡಿಸುವುದಕ್ಕೆ. ಚರ್ಮದ ಚೀಲ ಮಾಡುವ ಪುದುಚೇರಿಯ ಹೈಡಿಸೈನ್ 1978ರಲ್ಲಿ ಇಬ್ಬರು ಕೂತು ಕೆಲಸ ಮಾಡುವಷ್ಟು ಸಣ್ಣ ಜಾಗದಲ್ಲಿ ಶುರುವಾಗಿ ಇವತ್ತು ಎಲ್ಲರೂ ಬಲ್ಲ ಹೆಸರಾಗಿದೆ. ಲಿಡ್ಕರ್‌ಗೆ ನಟ ಡಾಲಿ ಧನಂಜಯ ರಾಯಭಾರಿಯಾದದ್ದೂ ಒಳ್ಳೆಯದೇ, ಹುಡುಗರು ಒಮ್ಮೆ ತಿರುಗಿ ನೋಡುತ್ತಾರೆ. ಆದರೆ ಆ ನಿಗಮ ಇನ್ನೊಂದು ಕೆಲಸ ಮಾಡಬೇಕೆಂದು ನನ್ನ ಆಸೆ: ಯಾವ ಊರಿನ ಯಾವ ಗುಂಪು ಯಾವ ಕೆಲಸದಲ್ಲಿ ಗಟ್ಟಿ, ತಿಂಗಳಿಗೆ ಎಷ್ಟು ಜೋಡಿ ಆಗುತ್ತದೆ, ಬಿಲ್ ಕೊಡಬಲ್ಲದೇ ಎಂಬ ಸರಳ ಪಟ್ಟಿಯೊಂದು ಹೊಸ ಬ್ರ್ಯಾಂಡಿನವರ ಕೈಗೆ ಸುಲಭವಾಗಿ ಸಿಗಬೇಕು. ಜಿಎಸ್‌ಟಿ ನಂಬರಿಲ್ಲದ ಮನೆಗಳ ಪರವಾಗಿ ಬಿಲ್ ಹಾಕುವ ಸಂಘ ಊರಿಗೊಂದಿದ್ದರೆ, ಮಧ್ಯದ ವ್ಯಾಪಾರಿಯ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಪ್ರಾಡಾದ 2,000 ಜೋಡಿ ಒಂದು ಸಲದ್ದು. ಬಂದರೆ ಸಂತೋಷ. ಆದರೆ ವರ್ಷಕ್ಕೆ ಮೂರು ಸಲ ಮೂವತ್ತು ಮೂವತ್ತು ಜೋಡಿ ಕೇಳಿಕೊಂಡು ತಪ್ಪದೆ ಬರುವ ಇಪ್ಪತ್ತು ಚಿಕ್ಕ ಬ್ರ್ಯಾಂಡುಗಳು ಸಿಕ್ಕರೆ ಅಥಣಿಯ ಒಂದು ಓಣಿ ಧೈರ್ಯವಾಗಿ ಚರ್ಮ ತಂದಿಡುತ್ತದೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಆದ್ದರಿಂದ ಬಸ್ಸು ಹತ್ತುವವರು ಫೋನಿನ ಚಿತ್ರದ ಜೊತೆಗೆ ತಮ್ಮ ಗಿರಾಕಿಗಳ ಪಾದದ ಗೆರೆ ಎಳೆದ ಕಾಗದಗಳನ್ನೂ ಒಯ್ಯಲಿ; ನಮ್ಮ ಪಾದ ಅಗಲ, ಯುರೋಪಿನ ಸೈಜಿನ ಪಟ್ಟಿ ಅದಕ್ಕೆ ಹೊಂದುವುದಿಲ್ಲ. ಹೆಂಗಸರನ್ನೂ ಮಾತಿಗೆ ಕರೆಯಲಿ. ಪೆಟ್ಟಿಗೆಯ ಮೇಲೆ, ಅವರು ಒಪ್ಪಿದರೆ, ಮಾಡಿದವರ ಹೆಸರು ಮತ್ತು ಊರು ಅಚ್ಚಾಗಲಿ. ಜೊತೆಗೆ ಅಟ್ಟೆ ಸವೆದ ಚಪ್ಪಲಿಯನ್ನು ಗಿರಾಕಿಯಿಂದ ವಾಪಸ್ ಪಡೆದು, ಮಾಡಿದವರ ಹತ್ತಿರವೇ ಹೊಸ ಅಟ್ಟೆ ಕೂಡಿಸಿ ಕಳಿಸುವ ಏರ್ಪಾಡು ಮೊದಲ ದಿನದಿಂದಲೇ ಇರಲಿ, ಅದರ ಕೂಲಿಯೂ ಆಗಲೇ ಮಾತಾಗಿರಲಿ.