ಮಗ ಮಲಗುವ ಕೋಣೆ ನೋಡಿದ್ದೀರಾ?

ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳ ಅಪ್ಪ-ಅಮ್ಮಂದಿರನ್ನು ಕಾಡುವುದು ಒಂದೇ ಚಿಂತೆ: ನಮ್ಮ ಕಾಲ ಆದ ಮೇಲೆ ಇವರಿಗೆ ಯಾರು ಗತಿ? ಆ ಚಿಂತೆಯಲ್ಲೇ ವಸತಿ ಕೇಂದ್ರ ಹುಡುಕಲು ಹೊರಟಾಗ ನಾವು ಕಟ್ಟಡ ನೋಡುತ್ತೇವೆ, ಫೀಸು ಕೇಳುತ್ತೇವೆ. ದುಡ್ಡು ಹೆಚ್ಚಿದ್ದರೆ ಆರೈಕೆಯೂ ಚೆನ್ನಾಗಿರುತ್ತದೆ ಅಂದುಕೊಳ್ಳುತ್ತೇವೆ.

ಆದರೆ ಅದು ಯಾವಾಗಲೂ ನಿಜವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅಂತ ಖಾಸಗಿ ಆಸ್ಪತ್ರೆಯಿತ್ತು. ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿಯೇ ಇದ್ದದ್ದು. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್, ಅದೂ ಸರ್ಕಾರದ ಹಣ. 2011ರಲ್ಲಿ ಬಿಬಿಸಿ ಪತ್ರಕರ್ತರೊಬ್ಬರು ಅಲ್ಲಿ ಕೆಲಸಕ್ಕೆ ಸೇರಿ ಗುಟ್ಟಾಗಿ ಚಿತ್ರೀಕರಿಸಿದರು. ಸಿಬ್ಬಂದಿ ರೋಗಿಗಳನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿಯುತ್ತಿದ್ದರು, ಕೂದಲು ಹಿಡಿದು ಎಳೆಯುತ್ತಿದ್ದರು. ಒಬ್ಬ ಹುಡುಗಿಯನ್ನು ಬಟ್ಟೆ ಸಮೇತ ಶವರ್ ಕೆಳಗೆ ತಳ್ಳಿದ್ದರು. 11 ಮಂದಿಗೆ ಶಿಕ್ಷೆಯಾಯಿತು, ಆಸ್ಪತ್ರೆ ಮುಚ್ಚಿತು. ಟೆರ್ರಿ ಬ್ರಯಾನ್ ಎಂಬ ಹಿರಿಯ ನರ್ಸ್ ಮೊದಲೇ ಆಡಳಿತಕ್ಕೂ ನಿಯಂತ್ರಣ ಸಂಸ್ಥೆಗೂ ದೂರು ಕೊಟ್ಟಿದ್ದರು. ಯಾರೂ ಕಿವಿಗೊಡಲಿಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ಮನೆಯವರು ಬಂದರೆ ವಾರ್ಡಿಗೆ, ಮಲಗುವ ಕೋಣೆಗೆ ಬಿಡುತ್ತಿರಲಿಲ್ಲ. ನೋಡುವ ಕಣ್ಣುಗಳೇ ಇಲ್ಲದ ಕಡೆ, ಬಾಯಿಬಿಟ್ಟು ಹೇಳಲಾಗದವರ ಪಾಡೇನು?

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು. ಆ ಪ್ರಮಾಣಪತ್ರ ಕೇಳಿ. ಅಷ್ಟಕ್ಕೇ ಸುಮ್ಮನಾಗಬೇಡಿ. ಹಾಸಿಗೆ, ಬಚ್ಚಲು ನೋಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ವಿಚಾರಿಸಿ. ಹೇಳದೆ ಕೇಳದೆ ಹೋಗಿ ನೋಡಲು ಬಿಡದ ಜಾಗದಲ್ಲಿ ದಯವಿಟ್ಟು ಮಗುವನ್ನು ಬಿಡಬೇಡಿ.