ಬಿಚ್ಚದೆ ತೀರ್ಪು ಬೇಡ

ಕೊಕ್ಕಡದ ಕಡೆ ‘ಗೇರು’ ಎಂದರೆ ಬೀಜ ಬಿಡುವ ಮರ. ಆದುದರಿಂದ, “ಗೇರು ನಿಲ್ಲುತ್ತಿಲ್ಲ” ಎಂದು ನಾನು ಮನೆಯಲ್ಲಿ ಚಿಂತೆ ತೋಡಿಕೊಂಡಾಗ ಅತ್ತೆಯವರು, “ಮೋಡಕ್ಕೆ ಹೂ ಕರಟಿತೇ?” ಎಂದು ಕೇಳಿದುದು ಸಹಜವೇ. ಕೆಟ್ಟಿದ್ದುದು ಮರವಲ್ಲ, ತಂದೆಯವರ ಕಾಲದಿಂದಲೂ ನಮ್ಮಲ್ಲಿರುವ ಅಂಬಾಸಡರ್ ಕಾರಿನ ಮೂರನೆಯ ಗೇರು. ಹಾಕಿದರೆ ತಾನಾಗಿಯೇ ಕಳಚಿಕೊಳ್ಳುತ್ತಿತ್ತು.

ಸಮತಟ್ಟಾದ ರಸ್ತೆಯಲ್ಲಿ ಇದು ಬರಿಯ ಕಿರಿಕಿರಿ. ಶಿರಾಡಿ ಘಾಟಿಯಲ್ಲಿ ಪ್ರಾಣದ ಪ್ರಶ್ನೆ. ಇಳಿಜಾರಿನಲ್ಲಿ ಕಾರನ್ನು ತಡೆಯುವುದು ಬ್ರೇಕೊಂದೇ ಅಲ್ಲ. ಗೇರಿನ ಮೂಲಕ ಎಂಜಿನ್ನೂ ಹಿಂದಕ್ಕೆ ಜಗ್ಗುತ್ತಿರುತ್ತದೆ. ಆ ನಂಟು ಕಡಿಯಿತೆಂದರೆ ಭಾರವೆಲ್ಲ ಬ್ರೇಕಿನ ಮೇಲೆಯೇ. ಕಾದ ಬ್ರೇಕಿನ ಹಿಡಿತವೋ ಕುಗ್ಗುತ್ತ ಹೋಗುತ್ತದೆ. ನಾನು ಎಡಗೈಯಿಂದ ಗೇರಿನ ಹಿಡಿಯನ್ನು ಅದುಮಿಕೊಂಡೇ ಘಾಟಿಯಿಳಿದ ದಿನ, ಹಿಂದಿನ ಸೀಟಿನಲ್ಲಿ ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದರು.

“ಮಾರಿಬಿಡಿ” ಎಂದವರೇ ಹೆಚ್ಚು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಇನ್ನು ಬಿಡಿಭಾಗಗಳಿಗಾಗಿ ಅಲೆಯುವುದೇಕೆಂಬುದು ಅವರ ವಾದ. ಮೇಸ್ತ್ರಿಗಳು ಮಾತ್ರ, “ಬಿಚ್ಚದೆ ತೀರ್ಪು ಬೇಡ, ರಾಯರೇ” ಎಂದರು.

ಮೊದಲು ಗೇರುಪೆಟ್ಟಿಗೆಯ ಎಣ್ಣೆಯನ್ನು ಬಸಿದರು. ಅದರಲ್ಲಿ ಮಿನುಗುವ ಹುಡಿಯಿತ್ತು. ಅಯಸ್ಕಾಂತವನ್ನಾಡಿಸಿದರೆ ಅಂಟಿದ್ದು ಕೆಲವೇ ಕಣ. “ಹಲ್ಲು ಮುರಿದಿದ್ದರೆ ಉಕ್ಕು ಹಿಡಿಯುತ್ತಿತ್ತು. ಇದು ಹಿತ್ತಾಳೆ, ಸಿಂಕ್ರೊ ಬಳೆ ಸವೆದದ್ದು” ಎಂದರು. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಉಜ್ಜಿ, ಸಮವೇಗಕ್ಕೆ ತಂದು, ಸದ್ದಿಲ್ಲದೆ ಕೂಡಿಸುವುದು ಈ ಬಳೆಯ ಕೆಲಸ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನೊಂದಿಗೆ ಬಳಕೆಗೆ ಬಂದ ಉಪಾಯವಿದು. ಆದರೆ ಬಳೆ ಸವೆದರೆ ಗೇರು ಗೊರಗುಟ್ಟಬೇಕು. ಕಳಚುವುದಕ್ಕೆ ಕಾರಣ ಬೇರೆಯೇ ಇರಬೇಕು.

ಪೆಟ್ಟಿಗೆಯನ್ನಿಳಿಸಿ, ಹಳೆಯ ಪಂಚೆಯೊಂದನ್ನು ಹಾಸಿ, ಕಳಚಿದ ಒಂದೊಂದನ್ನೂ ಕಳಚಿದ ಕ್ರಮದಲ್ಲಿಯೇ ಸಾಲಾಗಿಟ್ಟರು. ಕೆಳಗಿನ ಶಾಫ್ಟನ್ನು ಹೊರದೂಡುವಾಗ ಅದರ ಬೆನ್ನಿಗೇ ಅಷ್ಟೇ ದಪ್ಪದ ಇನ್ನೊಂದು ಸರಳನ್ನು ಒಳಸೇರಿಸಿದರು. ಇಲ್ಲದಿದ್ದರೆ ಸೂಜಿಯಂಥ ಉರುಳೆಗಳೆಲ್ಲ ಪೆಟ್ಟಿಗೆಯೊಳಗೆ ಚೆಲ್ಲಿಹೋಗುತ್ತಿದ್ದವು. ಗೇರು ಬದಲಿಸುವ ಸರಳುಗಳನ್ನು ಎಳೆಯುವ ಮುನ್ನ ಬಟ್ಟೆ ಮುಚ್ಚಿದರು. ಆ ಸರಳುಗಳ ಕಚ್ಚುಗಳಲ್ಲಿ ಕುಳಿತಿರುವ ಪುಟ್ಟ ಉಕ್ಕಿನ ಗುಂಡುಗಳು ಸ್ಪ್ರಿಂಗಿನ ನೂಕಿಗೆ ಹಾರಿ ಕಣ್ಮರೆಯಾಗುತ್ತವಂತೆ.

ಮೂರು ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದಾಗ ಗುಟ್ಟು ರಟ್ಟಾಯಿತು. ಒಂದು ಉಳಿದೆರಡಕ್ಕಿಂತ ಗಿಡ್ಡ. ತುದಿಯ ಸುತ್ತು ಮುರಿದಿತ್ತು. ಗುಂಡನ್ನು ಕಚ್ಚಿನಲ್ಲಿ ಅದುಮಿ ಹಿಡಿಯುವ ಬಲ ಅದಕ್ಕಿರಲಿಲ್ಲ. ಮೂರನೆಯ ಗೇರನ್ನು ನಿಲ್ಲಿಸಬೇಕಾಗಿದ್ದುದು ಅದೇ. ಬೆರಳಿನ ಗೆಣ್ಣಿನಷ್ಟು ತಂತಿಗಾಗಿ ನಾವು ಇಡೀ ಕಾರನ್ನೇ ಮಾರಲು ಹೊರಟಿದ್ದೆವು!

ಬಳೆಯೂ ಸ್ಪ್ರಿಂಗೂ ಮಂಗಳೂರಿನಿಂದ ಬಂದವು. ಕೊನೆಗೆ ಕಳಚಿದ್ದು ಮೊದಲಾಗಿ, ಮೊದಲು ಕಳಚಿದ್ದು ಕೊನೆಯಾಗಿ, ಎಲ್ಲವೂ ಪೆಟ್ಟಿಗೆ ಸೇರಿದವು. ಎಲ್ಲಿಯೂ ತಡವರಿಕೆಯಿಲ್ಲ, ಬಿಚ್ಚುವಾಗಲೇ ಜೋಡಿಸುವ ದಾರಿಯನ್ನು ಆ ಮನುಷ್ಯ ಹಾಸಿಟ್ಟುಕೊಂಡಿದ್ದರು. ಕೆಲಸ ಮುಗಿದಾಗ ಪಂಚೆಯ ಮೇಲೆ ಎಣ್ಣೆಯ ಕಲೆಗಳ ಹೊರತು ಬೇರೇನೂ ಉಳಿದಿರಲಿಲ್ಲ.