ಪುಸ್ತಕವಿಲ್ಲದ ಪಾಠ

ಪರದೇಶಕ್ಕೆ ಪಾಠ ಹೇಳಹೋಗುವವನು ಪೆಟ್ಟಿಗೆಯ ತುಂಬ ಪುಸ್ತಕಗಳನ್ನು ಒಯ್ಯುತ್ತಾನೆ. ಅವುಗಳ ಜೊತೆಗೆ, ತನಗೆ ಅರಿವಿಲ್ಲದಂತೆಯೇ, ತನ್ನ ನಾಡಿನ ಧರ್ಮಾಧರ್ಮ ವಿಚಾರವನ್ನೂ ಒಯ್ದಿರುತ್ತಾನೆ. ಪುಸ್ತಕಗಳ ಭಾರ ಬಂದರಿನಲ್ಲಿ ಇಳಿಯುವಾಗಲೇ ತಿಳಿಯುತ್ತದೆ. ಎರಡನೆಯದರ ಭಾರ ತರಗತಿಯಲ್ಲಿ ನಿಂತ ಮೇಲೆ ತಿಳಿಯತಕ್ಕದ್ದು.

ಚೀನಾದೇಶಕ್ಕೆ ಇಂಗ್ಲಿಷ್ ಪಾಠ ಹೇಳಹೋದ ಐ. ಎ. ರಿಚರ್ಡ್ಸ್ ಎಂಬ ಆಂಗ್ಲ ವಿದ್ವಾಂಸರಿಗೆ ಇದು ತಿಳಿದುಬಂದ ಬಗೆ ಬಹು ಸ್ವಾರಸ್ಯವಾದುದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅವರು ಕವಿಗಳ ಹೆಸರನ್ನು ಮರೆಮಾಡಿ, ಪದ್ಯಗಳನ್ನು ಮಾತ್ರ ವಿದ್ಯಾರ್ಥಿಗಳ ಕೈಗಿತ್ತು, ಅವರ ಅಭಿಪ್ರಾಯಗಳನ್ನು ಬರೆಯಿಸಿಕೊಂಡು, ಓದುವವರು ಎಲ್ಲೆಲ್ಲಿ ಎಡವುತ್ತಾರೆಂಬುದನ್ನು ಶೋಧಿಸಿದವರು. ಆ ಶೋಧನೆಯ ಗ್ರಂಥ 1929ರಲ್ಲಿ ಅಚ್ಚಾಯಿತು. ಅದೇ ವರ್ಷ ಅವರು ಪೆಕಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು. (ಆ ಕಾಲದಲ್ಲಿ ಸರ್ಕಾರದವರು ಆ ಊರನ್ನು ಪೈಪಿಂಗ್ ಎಂದು ಕರೆಯುತ್ತಿದ್ದರು, ಈಗಿನ ಹೆಸರು ಬೀಜಿಂಗ್. ಹಳೆಯ ವಾಡಿಕೆಯಂತೆ ಇಲ್ಲಿ ಪೆಕಿಂಗ್ ಎಂದೇ ಬರೆದಿದೆ.) ಅಲ್ಲಿ ಅವರು ಹಾರ್ಡಿಯ 'ಟೆಸ್' ಕಾದಂಬರಿಯನ್ನು ತರಗತಿಯಲ್ಲಿ ಓದಿ ಹೇಳಿದರು. ಬಡವರ ಮನೆಯ ಹೆಣ್ಣುಮಗಳೊಬ್ಬಳು ಒಬ್ಬನಿಂದ ಕೆಟ್ಟು, ಮತ್ತೊಬ್ಬನಿಂದ ತೊರೆಯಲ್ಪಟ್ಟು, ಕಡೆಗೆ ಕೊಲೆಗೈದು ಗಲ್ಲಿಗೇರುವ ಕರುಣಕಥೆ ಅದು. ಮರಣದಂಡನೆಯಾಯಿತೆಂಬುದರ ಗುರುತಾಗಿ ಸೆರೆಮನೆಯ ಮೇಲೆ ಕರಿಯ ಬಾವುಟವೇರುವ ಕಡೆಯ ಘಟ್ಟವನ್ನು ಓದಿ ಮುಗಿಸಿದಾಗ ತರಗತಿಯಿಂದ ಕೇಳಿಬಂದುದು ನಿಟ್ಟುಸಿರಲ್ಲ, ಚಪ್ಪಾಳೆ! ವಿಚಾರಿಸಲಾಗಿ ಕಾರಣ ಹೊರಬಿತ್ತು. ಕಥೆಯ ಆರಂಭದಲ್ಲಿಯೇ ಆ ಹುಡುಗಿ ತಂದೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿರಲಿಲ್ಲ. ಆ ಅಪರಾಧಕ್ಕೆ ಶಿಕ್ಷೆ ಯಾವಾಗ ಬಂದೀತೆಂದು ವಿದ್ಯಾರ್ಥಿಗಳು ಅಷ್ಟೂ ಅಧ್ಯಾಯಗಳುದ್ದಕ್ಕೂ ಕಾದಿದ್ದರು. ಗ್ರಂಥಕರ್ತನು ಕಡೆಗಾದರೂ ನ್ಯಾಯ ಸಲ್ಲಿಸಿದನೆಂದು ಅವರಿಗೆ ಸಂತೋಷ.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಆ ವಿದ್ಯಾರ್ಥಿಗಳು ಭಾಷೆಯನ್ನು ತಪ್ಪಾಗಿ ತಿಳಿದಿರಲಿಲ್ಲ. ವಾಕ್ಯವಾಕ್ಯಕ್ಕೂ ಅರ್ಥ ಸರಿಯಾಗಿಯೇ ಆಗಿತ್ತು. ವಾಸನಾಸಂಸ್ಕಾರವಿಲ್ಲದವನಿಗೆ ರಸಾಸ್ವಾದವಿಲ್ಲವೆಂದು ಭಾರತೀಯ ಆಲಂಕಾರಿಕರು ಹೇಳಿರುವುದುಂಟು. ಇಲ್ಲಿ ವಾಸನೆ ಇರಲಿಲ್ಲವೆಂದಲ್ಲ. ಇದ್ದ ವಾಸನೆ ಬೇರೆಯಾಗಿತ್ತು. ಪಿತೃಭಕ್ತಿಯೇ ಸಕಲ ಗುಣಗಳ ಮೂಲವೆಂದು ಎರಡು ಸಾವಿರ ವರ್ಷಗಳಿಂದ ಓದಿಕೊಂಡು ಬಂದ ಜನ ಆ ಕಥೆಯನ್ನು ಮತ್ತೆ ಹೇಗೆ ಓದಬೇಕಾಗಿತ್ತು? ಓದುಗರು ಎಡವುವ ಸ್ಥಳಗಳನ್ನು ಪಟ್ಟಿಮಾಡಿದ್ದ ಗುರುವಿಗೆ, ತನ್ನ ಪಟ್ಟಿಯಲ್ಲಿಲ್ಲದ ಒಂದು ಸ್ಥಳ ಅಂದು ಕಾಣಿಸಿತು.

ಈ ರಿಚರ್ಡ್ಸರ ಶಿಷ್ಯರೇ ವಿಲಿಯಮ್ ಎಂಪ್ಸನ್. 1906ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಮೊದಲು ಗಣಿತವನ್ನೂ ಅನಂತರ ಸಾಹಿತ್ಯವನ್ನೂ ಓದಿದ ಇವರು, ಕಾವ್ಯದ ಒಂದೇ ಮಾತು ಹಲವು ಅರ್ಥಗಳನ್ನು ಹೊಮ್ಮಿಸುವ ಏಳು ಪ್ರಕಾರಗಳನ್ನು ನಿರೂಪಿಸುವ ಗ್ರಂಥವನ್ನು 1930ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಹೊರತಂದರು. ಶ್ಲೇಷ ಧ್ವನಿಗಳ ಚರ್ಚೆಯನ್ನು ಕೇಳಿದವರಿಗೆ ವಿಷಯ ಹೊಸದೆನಿಸದು. ಇಂಗ್ಲೆಂಡಿನಲ್ಲಿ ಅದು ಕೋಲಾಹಲವನ್ನೇ ಎಬ್ಬಿಸಿತು. ಇಷ್ಟು ಪ್ರತಿಭೆಯಿದ್ದರೂ ಕಾಲೇಜಿನ ಹಿರಿಯರು ಅವರ ನಡತೆಯನ್ನು ಮೆಚ್ಚದೆ ಹೊರಹಾಕಿದುದರಿಂದ, ಸ್ವದೇಶದಲ್ಲಿ ಉದ್ಯೋಗದ ಬಾಗಿಲು ಮುಚ್ಚಿತು. 1931ರಿಂದ 1934ರ ವರೆಗೆ ಜಪಾನಿನ ಟೋಕಿಯೋ ನಗರದಲ್ಲಿ ಪಾಠ ಹೇಳಿದರು. ಬಳಿಕ 1937ರಲ್ಲಿ ಪೆಕಿಂಗ್ ವಿಶ್ವವಿದ್ಯಾಲಯದ ಕೆಲಸವನ್ನೊಪ್ಪಿ ಹೊರಟರು.

ಹೊರಟ ಮುಹೂರ್ತ ಎಂತಹುದೆಂದು ಹೇಳಬೇಕಾಗಿಲ್ಲ. ಆ ವರ್ಷದ ಜುಲೈ 7ರಂದು ಪೆಕಿಂಗಿನ ಹೊರವಲಯದ ಸೇತುವೆಯೊಂದರ ಬಳಿ ಜಪಾನಿ ಸೈನ್ಯಕ್ಕೂ ಚೀನೀ ಸೈನ್ಯಕ್ಕೂ ಗುಂಡು ಹಾರಿ ಯುದ್ಧ ಆರಂಭವಾಯಿತು. ತಿಂಗಳು ಕಳೆಯುವುದರೊಳಗೆ ಊರು ಜಪಾನಿಯರ ವಶವಾಯಿತು. ತಿಯೆನ್‌ತ್ಸಿನ್ ಪಟ್ಟಣದ ನಾನ್‌ಕಾಯ್ ವಿಶ್ವವಿದ್ಯಾಲಯದ ಮೇಲೆ ಬಾಂಬುಗಳು ಬಿದ್ದು ಕಟ್ಟಡಗಳು ಉರುಳಿದವು. ಹೊಸ ಅಧ್ಯಾಪಕರು ಊರನ್ನು ಮುಟ್ಟಿದಾಗ ಊರಿತ್ತು, ವಿಶ್ವವಿದ್ಯಾಲಯವಿರಲಿಲ್ಲ. ಅದು ದಕ್ಷಿಣಕ್ಕೆ ಗುಳೆ ಹೊರಟಿತ್ತು! ಪೆಕಿಂಗ್, ತ್ಸಿಂಗ್‌ಹುವಾ, ನಾನ್‌ಕಾಯ್ ಮೂರೂ ಒಂದಾಗಿ ಹುನಾನ್ ಪ್ರಾಂತದ ಛಾಂಗ್‌ಷಾ ನಗರದಲ್ಲಿ ತಾತ್ಕಾಲಿಕ ವಿಶ್ವವಿದ್ಯಾಲಯವೆಂಬ ಹೆಸರಿನಿಂದ ನವೆಂಬರು 1ರಂದು ಪಾಠ ಆರಂಭಿಸಿದವು. ಅಲ್ಲಿಯೂ ಸ್ಥಳ ಸಾಲದೆ, ಸಾಹಿತ್ಯವಿಭಾಗದವರನ್ನು ಅಲ್ಲಿಂದ ದಕ್ಷಿಣದಲ್ಲಿರುವ ನಾನ್‌ಯುಯೆ ಎಂಬ ಬೆಟ್ಟಕ್ಕೆ ಕಳುಹಿಸಿದರು. ರಿಚರ್ಡ್ಸ್ ದಂಪತಿಗಳೊಡನೆ ಹಾಂಗ್‌ಕಾಂಗ್ ಮಾರ್ಗವಾಗಿ ಸುತ್ತಿ ಬಳಸಿ ಎಂಪ್ಸನ್ನರೂ ಆ ಬೆಟ್ಟವನ್ನೇರಿದರು.

ನಾನ್‌ಯುಯೆ ಎಂದರೆ ದಕ್ಷಿಣದ ದಿವ್ಯಪರ್ವತ. ಚೀನೀಯರ ಐದು ಪವಿತ್ರಗಿರಿಗಳಲ್ಲಿ ಒಂದು. ಆರನೆಯ ಶತಮಾನದಲ್ಲಿ ಹುಯ್‌ಸಿ ಎಂಬ ಬೌದ್ಧಾಚಾರ್ಯನು ತನ್ನ ಕಡೆಯ ವರ್ಷಗಳನ್ನು ಕಳೆದ ಸ್ಥಳ. ಯಾತ್ರಿಕರು ಹತ್ತುವ ಆ ಬೆಟ್ಟದ ಮೇಲೆ ದೇಶದ ಮಹಾವಿದ್ವಾಂಸರು ಬಂದು ಬೀಡುಬಿಟ್ಟರು. ತತ್ತ್ವಶಾಸ್ತ್ರಜ್ಞರಾದ ಫಂಗ್ ಯೂಲಾನ್ ಅಲ್ಲಿಯೇ ಕುಳಿತು ತಮ್ಮ ಹೊಸ ದರ್ಶನಗ್ರಂಥವನ್ನು ಬರೆದರು. ಕವಿ ವೆನ್ ಯಿತುವೋ ಅಲ್ಲಿದ್ದರು. ವಿದ್ವಾಂಸರೆಲ್ಲ ಇದ್ದರು, ವಿದ್ಯಾರ್ಥಿಗಳಿದ್ದರು, ಇಲ್ಲದ್ದು ಪುಸ್ತಕ. ಗ್ರಂಥಭಂಡಾರಗಳು ಉತ್ತರದಲ್ಲಿ ಶತ್ರುವಿನ ವಶದಲ್ಲಿ ಉಳಿದುಹೋಗಿದ್ದವು.

ಹೊಸ ದೇಶ, ಹೊಸ ಶಿಷ್ಯರು, ಕೈಯಲ್ಲಿ ಪುಸ್ತಕವಿಲ್ಲ. ಆಂಗ್ಲೇಯ ಅಧ್ಯಾಪಕರು ಏನು ಮಾಡಬೇಕು? ಅವರು ನೆನಪಿನ ಭಂಡಾರವನ್ನು ತೆರೆದರು. ಬಾಯಿಗೆ ಬರುತ್ತಿದ್ದ ಪದ್ಯಗಳನ್ನು ಟೈಪು ಯಂತ್ರದಲ್ಲಿ ಕುಟ್ಟಿ ವಿದ್ಯಾರ್ಥಿಗಳಿಗೆ ಹಂಚಿದರು. ಷೇಕ್ಸ್‌ಪಿಯರನ 'ಒಥೆಲೊ' ನಾಟಕವನ್ನೇ ಹೀಗೆ ನೆನಪಿನಿಂದ ಇಳಿಸಿಕೊಟ್ಟರೆಂದು ಶಿಷ್ಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಶಿಷ್ಯಭಕ್ತಿ ಇದನ್ನು ಸ್ವಲ್ಪ ಬೆಳೆಸಿದ್ದರೂ ಇದ್ದೀತು, ಬುಡದಲ್ಲಿ ಸತ್ಯವಿದೆ. ಪದ್ಯ ನೆನಪಿಗೆ ಬಂದಷ್ಟು ಸುಲಭವಾಗಿ ಗದ್ಯ ಬರುವುದಿಲ್ಲವೆಂದು ಎಂಪ್ಸನ್ನರು ಆ ಬೆಟ್ಟದ ಶರತ್ಕಾಲವನ್ನು ಕುರಿತು ತಾವೇ ಬರೆದ ದೀರ್ಘ ಕವಿತೆಯಲ್ಲಿ ಹಾಸ್ಯಮಾಡಿಕೊಂಡಿದ್ದಾರೆ. ಛಂದಸ್ಸು ಯಾಕೆ ಹುಟ್ಟಿತೆಂದು ತಿಳಿಯಬೇಕಾದವರು ಪುಸ್ತಕಗಳನ್ನೆಲ್ಲ ಕಳೆದುಕೊಂಡು ನೋಡಬೇಕು.

ಇಂಗ್ಲೆಂಡಿನವರಿಗೆ ಇದೊಂದು ಪವಾಡ. ಚೀನೀ ವಿದ್ಯಾರ್ಥಿಗಳು ಮೆಚ್ಚಿದರೇನೋ ನಿಜ, ಆದರೆ ಬೆರಗಾಗಬೇಕಾದ ಕಾರಣ ಅವರಿಗೆ ಅಷ್ಟಾಗಿರಲಿಲ್ಲ. ಅವರ ಅಜ್ಜಂದಿರು ಕನ್‌ಫ್ಯೂಷಿಯಸನ ಗ್ರಂಥಗಳನ್ನು ಆದ್ಯಂತ ಕಂಠಸ್ಥಮಾಡದೆ ರಾಜಪರೀಕ್ಷೆಗೆ ಕೂರುವಂತಿರಲಿಲ್ಲ. ವಿದ್ವಾಂಸನೆಂದ ಮೇಲೆ ಗ್ರಂಥ ಬಾಯಲ್ಲಿರಬೇಕು. ಅಷ್ಟೇಕೆ, ಪರದೇಶದ ಗುರುವೊಬ್ಬನು ಪುಸ್ತಕವಿಲ್ಲದೆ ಬಂದು ಪಾಠ ಒಪ್ಪಿಸಿದುದು ಆ ದೇಶದಲ್ಲಿ ಅದೇ ಮೊದಲಲ್ಲ. ಐದನೆಯ ಶತಮಾನದ ಆರಂಭದಲ್ಲಿ, ಕುಮಾರಜೀವನು ಛಾಂಗಾನ್ ನಗರದಲ್ಲಿದ್ದ ಕಾಲದಲ್ಲಿಯೇ, ಅವನಿಗೆ ಹಿಂದೆ ಗುರುವಾಗಿದ್ದ ಕಾಶ್ಮೀರದ ಬುದ್ಧಯಶನು ಅಲ್ಲಿಗೆ ಬಂದು ಧರ್ಮಗುಪ್ತಕರ ವಿನಯವನ್ನು ಬಾಯಿಂದಲೇ ಹೇಳಿದನು. ದೊರೆ ಯಾವ್ ಶಿಂಗನಿಗೆ ಸಂದೇಹ ಬಂತು: ಇಷ್ಟು ದೊಡ್ಡ ಗ್ರಂಥದಲ್ಲಿ ಒಂದಕ್ಷರವೂ ತಪ್ಪದೆಂದು ನಂಬುವುದು ಹೇಗೆ? ಔಷಧಿಗಳ ಪಟ್ಟಿಗಳನ್ನೂ ಜನಗಣತಿಯ ಕಡತಗಳನ್ನೂ ಕೊಟ್ಟು ಬಾಯಿಪಾಠ ಮಾಡಿಸಿ ಪರೀಕ್ಷಿಸಿದನಂತೆ. ಭಿಕ್ಷು ಒಂದು ತೂಕವನ್ನೂ ಒಂದು ತಲೆಯನ್ನೂ ತಪ್ಪದೆ ಒಪ್ಪಿಸಿದನಂತೆ. ಅದೇ ವಿನಯಗ್ರಂಥಗಳನ್ನು ಹುಡುಕಿಕೊಂಡು 399ರಲ್ಲಿ ಹೊರಟ ಫಾಹಿಯಾನನು ಉತ್ತರ ಭಾರತದ ಆಚಾರ್ಯರೆಲ್ಲ ಬಾಯಿಂದ ಬಾಯಿಗೆ ಪಾಠ ಹೇಳುವುದನ್ನು ಕಂಡು, ಪ್ರತಿಮಾಡಿಕೊಳ್ಳಲು ಓಲೆ ಸಿಕ್ಕದೆ, ಪಾಟಲೀಪುತ್ರದ ವರೆಗೂ ನಡೆಯಬೇಕಾಯಿತು. ಎಂಪ್ಸನ್ನರಿಗೂ ಬುದ್ಧಯಶನಿಗೂ ಒಂದೂವರೆ ಸಾವಿರ ವರ್ಷಗಳ ಅಂತರ. ಆದರೂ ನಾನ್‌ಯುಯೆಯ ವಿದ್ಯಾರ್ಥಿಗಳಿಗೆ ಅವರು ಪರಿಚಿತ ಜಾತಿಯ ಗುರುವೇ ಆಗಿದ್ದರು.

ಅಷ್ಟರಿಂದ ಪಾಠ ಸುಲಭವಾಯಿತೆಂದು ತಿಳಿಯಬಾರದು. ಎಂಪ್ಸನ್ನರು ಒಳ್ಳೆಯ ಉಪನ್ಯಾಸಕರಲ್ಲ. ಮಾತು ಬಹು ಬೇಗ, ಉಚ್ಚಾರ ಅಸ್ಪಷ್ಟ, ಸ್ವಭಾವ ಸಂಕೋಚದ್ದು. ಶಿಷ್ಯರ ಕಡೆಗೆ ನೋಡದೆ ಚಾವಣಿಯನ್ನು ನೋಡುತ್ತ ಮಾತನಾಡಿ, ಥಟ್ಟನೆ ತಿರುಗಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗುವರು. ಮೊದಮೊದಲು ವಿದ್ಯಾರ್ಥಿಗಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಯಾರೂ ಎದ್ದು ಕೇಳುವಂತಿಲ್ಲ. ಗುರುವಿನ ಮಾತಿಗೆ ನಡುವೆ ಬಾಯಿ ಹಾಕುವುದು ಅವಿನಯ; ತಿಳಿಯಲಿಲ್ಲವೆನ್ನುವುದು ಗುರುವಿನ ಮೇಲೆ ದೋಷ ಹೊರಿಸಿದಂತೆ. ಈ ಮೌನವೇ ಚೀನಾಕ್ಕೆ ಹೋದ ಹೊಸ ಅಧ್ಯಾಪಕರನ್ನೆಲ್ಲ ಮೊದಲ ವಾರಗಳಲ್ಲಿ ಕಂಗೆಡಿಸುವುದು. 1996ರಲ್ಲಿ ಯಾಂಗ್ತ್ಸೆ ನದಿಯ ದಡದ ಫೂಲಿಂಗ್ ಊರಿನ ಶಿಕ್ಷಕರ ಕಾಲೇಜಿಗೆ ಹೋದ ಅಮೆರಿಕದ ಪೀಟರ್ ಹೆಸ್ಲರ್ ತಮ್ಮ ಎರಡು ವರ್ಷಗಳ ಅನುಭವವನ್ನು ಪುಸ್ತಕವಾಗಿಯೇ ಬರೆದಿದ್ದಾರೆ. ಬೀದಿಯಲ್ಲಿ ನಿಂತರೆ ಸುತ್ತ ಜನ ಕೂಡಿ ನೋಡುತ್ತಿದ್ದುದು, ಹಳ್ಳಿಗಾಡಿನ ವಿದ್ಯಾರ್ಥಿಗಳು ತಮಗೆ ತಾವೇ ಇಂಗ್ಲಿಷ್ ಹೆಸರುಗಳನ್ನಿಟ್ಟುಕೊಂಡುದು, ಇವೆಲ್ಲ ಅದರಲ್ಲಿವೆ. ಅವರಂತಹ ತರುಣರನ್ನು ಅಮೆರಿಕದ ಶಾಂತಿದಳವು 1993ರಿಂದ 2020ರ ವರೆಗೆ ಆ ದೇಶಕ್ಕೆ ಕಳುಹಿಸುತ್ತಿತ್ತು. ಅವರಿಗೆ ಪುಸ್ತಕಗಳ ಕೊರತೆ ಅಷ್ಟಿರಲಿಲ್ಲ. ಆದುದರಿಂದ ಅವರ ಕಥೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ಮೌನಕ್ಕೆ ಪರಿಹಾರವಾಗಿ ಒದಗಿದುದು ಆ ಕರಿಯ ಹಲಗೆ. ಮಾತು ತಿಳಿಯದಿದ್ದರೂ ಬರಹ ತಿಳಿಯುತ್ತಿತ್ತು. ಅಕ್ಷರಕ್ಕೆ ಕೈಮುಗಿಯುವ ಜನ. ಗುರು ಬರೆದುದನ್ನು ಬರೆದಂತೆಯೇ ಇಳಿಸಿಕೊಂಡು, ರಾತ್ರಿ ಓದಿ, ಮರುದಿನ ಇನ್ನೊಂದಿಷ್ಟು ತಿಳಿದುಕೊಂಡು ಬರುತ್ತಿದ್ದರು. ಹೀಗೆ ವ್ಯಾಖ್ಯಾನಕ್ಕಿಂತ ಮೂಲವೇ ಹೆಚ್ಚಾಗಿ ಶಿಷ್ಯರಿಗೆ ದಕ್ಕಿತು. ಅದರಿಂದ ನಷ್ಟವಾಯಿತೆಂದು ಯಾರಾದರೂ ಹೇಳಬಲ್ಲರೇ?

ಡಿಸೆಂಬರಿನಲ್ಲಿ ರಾಜಧಾನಿ ನಾನ್‌ಕಿಂಗ್ ಬಿತ್ತು. ಬೆಟ್ಟದ ಪಾಠಶಾಲೆಯೂ ಉಳಿಯಲಿಲ್ಲ. 1938ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಮತ್ತೆ ಎದ್ದು, ದೂರದ ಯುನ್ನಾನ್ ಪ್ರಾಂತದ ಕುನ್‌ಮಿಂಗ್ ಪಟ್ಟಣಕ್ಕೆ ಹೊರಟಿತು. ಅನೇಕರು ಹಡಗಿನಲ್ಲಿಯೂ ರೈಲಿನಲ್ಲಿಯೂ ಹೋದರು. ಇನ್ನೂರಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳೂ ಕೆಲವರು ಉಪಾಧ್ಯಾಯರೂ 1600 ಕಿಲೋಮೀಟರುಗಳಿಗೂ ಮಿಕ್ಕ ದಾರಿಯನ್ನು 68 ದಿನಗಳಲ್ಲಿ, ಬಹುಮಟ್ಟಿಗೆ ಕಾಲುನಡಿಗೆಯಿಂದಲೇ, ಕ್ರಮಿಸಿದರು. ಗೆಲವು ದೊರೆಯುವ ವರೆಗೆ ಗಡ್ಡ ತೆಗೆಯುವುದಿಲ್ಲವೆಂದು ವೆನ್ ಯಿತುವೋ ಸಂಕಲ್ಪಮಾಡಿದರು. ಆ ನಡಿಗೆಯವರಲ್ಲಿ ಮು ದಾನ್ ಎಂಬ ಕಾವ್ಯನಾಮದ, ಇಪ್ಪತ್ತು ವರ್ಷದ ತರುಣನೊಬ್ಬನಿದ್ದನು. ಅವನು ಕೈಯಲ್ಲಿ ಸಣ್ಣದೊಂದು ಇಂಗ್ಲಿಷ್ ನಿಘಂಟನ್ನು ಹಿಡಿದು, ನಡೆಯುತ್ತ ನಡೆಯುತ್ತ ಒಂದೊಂದು ಹಾಳೆಯನ್ನೂ ಬಾಯಿಪಾಠ ಮಾಡಿ, ಬಂದ ಹಾಳೆಯನ್ನು ಹರಿದು ಎಸೆಯುತ್ತಿದ್ದನಂತೆ. ಕುನ್‌ಮಿಂಗ್ ಸೇರುವ ಹೊತ್ತಿಗೆ ನಿಘಂಟು ಮುಗಿದಿತ್ತೆಂದು ಅವನ ಸಹಪಾಠಿಗಳು ಹೇಳಿದ್ದಾರೆ.

ಯುನ್ನಾನಿನಲ್ಲಿ ಎಂಪ್ಸನ್ನರು ಹಾಪ್ಕಿನ್ಸನಿಂದ ಆಡೆನ್‌ನ ವರೆಗಿನ ಹೊಸ ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳಿದರು. ಆ ಕವಿಗಳಲ್ಲಿ ಕೆಲವರು ಅವರ ಮಿತ್ರರು. ವಿದ್ಯಾರ್ಥಿಗಳಿಗೆ ಅದು ಅಂದಂದಿನ ಸುದ್ದಿ ಕೇಳಿದಂತಿತ್ತು. ಆ ತರಗತಿಯಲ್ಲಿದ್ದ ವಾಂಗ್ ತ್ಸುವೊಲ್ಯಾಂಗ್ ಮುಂದೆ ಆಂಗ್ಲ ಸಾಹಿತ್ಯದಲ್ಲಿ ಆ ದೇಶದ ಪ್ರಮುಖ ವಿದ್ವಾಂಸರಾಗಿ, ಗುರುವಿನ ಪಾಠವನ್ನೂ ಮೊದಲ ದಿನಗಳ ಗೊಂದಲವನ್ನೂ ಪ್ರೀತಿಯಿಂದ ಬರೆದಿಟ್ಟಿದ್ದಾರೆ. 1939ರಲ್ಲಿ ಎಂಪ್ಸನ್ನರು ಚೀನಾವನ್ನು ಬಿಟ್ಟರು. ಯುದ್ಧವೆಲ್ಲ ಮುಗಿದು 1947ರಲ್ಲಿ ಹೆಂಡತಿ ಮಕ್ಕಳೊಡನೆ ಮತ್ತೆ ಪೆಕಿಂಗಿಗೆ ಬಂದು, ಅಲ್ಲಿಯ ರಾಜ್ಯಕ್ರಾಂತಿಯನ್ನು ಕಣ್ಣಾರೆ ಕಂಡು, 1952ರ ವರೆಗೂ ಪಾಠ ಹೇಳಿದರು. ಅಷ್ಟರಲ್ಲಿ ವೆನ್ ಯಿತುವೋ ಇರಲಿಲ್ಲ. 1946ರಲ್ಲಿ ಕುನ್‌ಮಿಂಗಿನ ಬೀದಿಯಲ್ಲಿ ಅವರನ್ನು ಗುಂಡಿಟ್ಟು ಕೊಂದಿದ್ದರು.

ನಿಘಂಟನ್ನು ಹರಿದುಹಾಕಿದ ತರುಣನು 1942ರಲ್ಲಿ ಬರ್ಮಾದ ಕಾಡುಗಳಲ್ಲಿ ಸೈನ್ಯದೊಡನಿದ್ದು ಬದುಕಿ ಬಂದನು. ಅಮೆರಿಕದಲ್ಲಿ ಓದಿ, 1953ರಲ್ಲಿ ಸ್ವದೇಶಕ್ಕೆ ಮರಳಿ, ಅಧ್ಯಾಪಕನಾದನು. 1958ರಲ್ಲಿ ಅವನ ಮೇಲೆ ರಾಜದ್ರೋಹದ ಹಣೆಪಟ್ಟಿ ಅಂಟಿಸಿ, ಪಾಠ ಹೇಳುವುದನ್ನು ಬಿಡಿಸಿ, ಗ್ರಂಥಭಂಡಾರದ ಕೆಲಸಕ್ಕೆ ಹಾಕಿದರು. ಸ್ವಂತ ಕವಿತೆ ಬರೆಯುವಂತಿರಲಿಲ್ಲ. ಹಗಲು ಆ ಕೆಲಸ ಮುಗಿಸಿ, ರಾತ್ರಿ ಕುಳಿತು, ಬೈರನ್ನನ 'ಡಾನ್ ಜುವಾನ್' ಮಹಾಕಾವ್ಯವನ್ನು ವರ್ಷಗಟ್ಟಲೆ ಚೀನೀ ಭಾಷೆಗೆ ತಿರುಗಿಸಿ, ಮತ್ತೆ ಮತ್ತೆ ತಿದ್ದಿದನು. ಅಚ್ಚಾಗುವ ಭರವಸೆಯಿಲ್ಲದ ಆ ಕಟ್ಟನ್ನು ಮನೆಯಲ್ಲಿಟ್ಟು 1977ರಲ್ಲಿ ತೀರಿಕೊಂಡನು. ಗ್ರಂಥ 1980ರಲ್ಲಿ ಹೊರಬಂದಿತು. ಅದರ ಮೇಲೆ ಅಚ್ಚಾದುದು ಕವಿಯ ಹೆಸರಲ್ಲ. ತಂದೆ ತಾಯಿ ಇಟ್ಟ ಛಾ ಲ್ಯಾಂಗ್‌ಜೆಂಗ್ ಎಂಬ ಹೆಸರು.